ಬೇಸಗೆಯ ಚಿತ್ರಗಳು: ಔತ್ಸುಕ್ಯವೂ ವಿಸ್ಮಯವೂ

ಕೃತಿಯನ್ನು ಓದುವಾಗ ಆಗುವ ಅನುಭವವನ್ನು ಕುರಿತು, ಓದಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಸಂಸ್ಕಾರವನ್ನು ಕುರಿತು ನಮ್ಮ ಕಾವ್ಯಮೀಮಾಂಸಕರು ಬಹಳವಾಗಿ ಚರ್ಚಿಸಿದ್ದಾರೆ. ಕೃತಿ ಇನ್ನೂ ಕೈಗೆ ಬಾರದಿರುವಾಗ, ಬರುತ್ತದೆ ಎಂಬ ಸುದ್ದಿ ಮಾತ್ರ ಬಂದಿರುವಾಗ, ಸಹೃದಯನ ಮನಸ್ಸಿನಲ್ಲಿ ನಡೆಯುವ ವ್ಯಾಪಾರಕ್ಕೆ ಅವರು ಅಷ್ಟು ಗಮನ ಕೊಟ್ಟಂತೆ ಕಾಣುವುದಿಲ್ಲ. ಅದರ ಅಗತ್ಯವೂ ಅಂದು ಇರಲಿಲ್ಲವೆನ್ನಬಹುದು. ಆದರೆ ಈ ಮುಂಚಿನ ಅನುಭವವನ್ನೇ ಬಂಡವಾಳ ಮಾಡಿಕೊಂಡು ಬೆಳೆದ ಒಂದು ಕಲೆ ನಮ್ಮ ಕಾಲದಲ್ಲಿದೆ. ಕಲೆಯೆಂದು ಒಪ್ಪದವರು ಅದನ್ನು ಉದ್ಯಮವೆಂದೇ ಕರೆಯಲಿ, ನನ್ನ ತಕರಾರಿಲ್ಲ. ಅಮೆರಿಕದಲ್ಲಿ ವರ್ಷವರ್ಷವೂ ಬೇಸಗೆಯಲ್ಲಿ ತೆರೆಕಾಣುವ ಭಾರಿ ಚಲಚ್ಚಿತ್ರಗಳ ಮಾತು ನಾನು ಹೇಳುತ್ತಿರುವುದು. ಏಪ್ರಿಲ್ ತಿಂಗಳು ಬಂತೆಂದರೆ ಪ್ರಪಂಚದ ನಾನಾ ಕಡೆ ಕೋಟ್ಯಂತರ ಜನ ಈ ಚಿತ್ರಗಳ ದಾರಿ ಕಾಯಲು ತೊಡಗುತ್ತಾರೆ. ಅಲ್ಲಿನ ಬೇಸಗೆ ನಮ್ಮ ಮಳೆಗಾಲ. ಅವರ ಬಿರುಬಿಸಿಲಿನ ಚಿತ್ರಕ್ಕೆ ನಮ್ಮ ಊರುಗಳಲ್ಲಿ ಕೊಡೆ ಹಿಡಿದು ಹೋಗಬೇಕಾಗುತ್ತದೆ. ಆದರೂ ಹೋಗುತ್ತೇವೆ.

ಕನ್ನಡ ಪಾಠ ಹೇಳಿಕೊಂಡಿರುವವನಿಗೆ ಹಾಲಿವುಡ್ಡಿನ ಉಸಾಬರಿ ಏಕೆ ಎಂದು ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಕೇಳುವುದುಂಟು. ನನಗೆ ಎರಡು ಉತ್ತರಗಳಿವೆ. ಒಂದು, ನನ್ನ ತರಗತಿಯಲ್ಲಿ ಕುಳಿತಿರುವ ಹುಡುಗರು ಹುಡುಗಿಯರು ಪರೀಕ್ಷೆಗಿಂತ ಹೆಚ್ಚು ತವಕದಿಂದ ಈ ಚಿತ್ರಗಳಿಗಾಗಿ ಕಾಯುತ್ತಾರೆ. ಅವರ ಅಭಿರುಚಿ ಎಲ್ಲಿ ರೂಪುಗೊಳ್ಳುತ್ತಿದೆ ಎಂಬುದನ್ನು ಅರಿಯದೆ ಅವರಿಗೆ ರಸವಿಚಾರ ಹೇಳುವುದು ಗಾಳಿಗೆ ಹೇಳಿದಂತೆ. ಎರಡನೆಯದು, ಕಾಯುವವರ ಸಾಲಿನಲ್ಲಿ ನಾನೂ ಇದ್ದೇನೆ. ಇದರಲ್ಲಿ ನಾಚಿಕೆಪಡುವಂಥದು ನನಗೇನೂ ಕಾಣದು. ಆದರೆ ಏನನ್ನು ಕಾಯುತ್ತಿದ್ದೇವೆ, ಕಾದದ್ದಕ್ಕೆ ಏನು ದೊರೆಯುತ್ತಿದೆ ಎಂಬುದನ್ನು ವಿಚಾರಿಸದೆ ಕಾಯುವುದು ವಿಮರ್ಶಕನ ಲಕ್ಷಣವಲ್ಲ.

ಈ ವಿಚಾರಕ್ಕೆ ನಮ್ಮ ಶಾಸ್ತ್ರದ ಒಂದು ಮಾತು ಚೆನ್ನಾಗಿ ಒದಗುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸ್ಥಾಯೀಭಾವಗಳು, ಮೂವತ್ತಮೂರು ವ್ಯಭಿಚಾರೀಭಾವಗಳು. ಸ್ಥಾಯಿ ನಿಲ್ಲತಕ್ಕದ್ದು, ರಸವಾಗಿ ಪರಿಣಮಿಸುವ ಯೋಗ್ಯತೆ ಅದಕ್ಕೆ ಉಂಟು. ಸಂಚಾರಿಯೆಂದೂ ಕರೆಸಿಕೊಳ್ಳುವ ವ್ಯಭಿಚಾರಿ ಬಂದು ಹೋಗತಕ್ಕದ್ದು. ಅಲೆಯಂತೆ ಏಳುತ್ತದೆ, ಸ್ಥಾಯಿಯನ್ನು ಪೋಷಿಸಿ ಅದರಲ್ಲೇ ಅಡಗುತ್ತದೆ. ಕಾತರ, ತವಕ ಎಂದು ನಾವು ಕರೆಯುವ ‘ಔತ್ಸುಕ್ಯ’ ಆ ಮೂವತ್ತಮೂರರಲ್ಲಿ ಒಂದು. ಬೆರಗು, ಎಂದರೆ ‘ವಿಸ್ಮಯ’, ಸ್ಥಾಯಿಗಳಲ್ಲಿ ಒಂದು. ಅದ್ಭುತರಸಕ್ಕೆ ಅದೇ ಮೂಲ. ಬೇಸಗೆಯ ಭಾರಿ ಚಿತ್ರ ನಮಗೆ ಕೊಡುವೆನೆಂದು ಹೇಳುವುದು ವಿಸ್ಮಯವನ್ನು. ಬಹುಮಟ್ಟಿಗೆ ಮಾರುವುದು ಔತ್ಸುಕ್ಯವನ್ನು. ಇವೆರಡರ ನಡುವಣ ಸಂಬಂಧ ಕಳೆದ ಐವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದೇ ಈ ಚಿತ್ರಗಳ ನಿಜವಾದ ಚರಿತ್ರೆ ಎಂದು ನನಗೆ ತೋರುತ್ತದೆ.

ಮೊದಲು ಅಮೆರಿಕದ ಚಿತ್ರಮಂದಿರಗಳಿಗೆ ಬೇಸಗೆಯೆಂದರೆ ಬರಗಾಲ. ಸೆಕೆಗೆ ಹೆದರಿ ಜನ ಒಳಗೆ ಬರುತ್ತಿರಲಿಲ್ಲ; ಎಷ್ಟೋ ಮಂದಿರಗಳು ಬಾಗಿಲು ಹಾಕಿಬಿಡುತ್ತಿದ್ದವು. ೧೯೨೫ರ ಮೇ ತಿಂಗಳ ಕೊನೆಯಲ್ಲಿ, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನ ರಿವೋಲಿ ಚಿತ್ರಮಂದಿರದಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ಹವಾನಿಯಂತ್ರಣ ಯಂತ್ರವನ್ನು ಹೂಡಿದ. ಅಂದಿನಿಂದ ಜನ ಬೇಸಗೆಯಲ್ಲಿ ಚಿತ್ರಮಂದಿರಕ್ಕೆ ಬರತೊಡಗಿದರು. ಅವರು ಮೊದಲು ಬಂದದ್ದು ಚಿತ್ರಕ್ಕಾಗಿಯಲ್ಲ, ತಂಪಿಗಾಗಿ. ‘ಬ್ಲಾಕ್‌ಬಸ್ಟರ್’ ಎಂಬ ಮಾತೂ ಚಿತ್ರರಂಗದಲ್ಲಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ವಿಮಾನಗಳು ಹಾಕಿದ, ನಗರದ ಒಂದು ಕೇರಿಯನ್ನೇ ನೆಲಸಮ ಮಾಡಬಲ್ಲ ದೊಡ್ಡ ಬಾಂಬಿಗೆ ೧೯೪೨ರ ಸುಮಾರಿಗೆ ಪತ್ರಿಕೆಗಳು ಇಟ್ಟ ಹೆಸರು ಅದು. ಮರುವರ್ಷವೇ ಚಿತ್ರದ ಜಾಹೀರಾತಿನವರು ಅದನ್ನು ಎತ್ತಿಕೊಂಡರು. ಊರು ಸುಡುವ ಬಾಂಬಿನ ಹೆಸರನ್ನು ಮನರಂಜನೆಗೆ ಹೊಗಳಿಕೆಯಾಗಿ ಬಳಸುವುದರಲ್ಲಿ ಎಂಥ ಮರೆವು ಇದೆಯೆಂಬುದನ್ನು ಓದುಗರೇ ಯೋಚಿಸಬಹುದು.

ಈ ತಂಪು ಮಂದಿರವನ್ನೂ ಈ ದೊಡ್ಡ ಹೆಸರನ್ನೂ ಕೂಡಿಸಿ ಒಂದು ‘ಋತು’ವನ್ನು ನಿರ್ಮಿಸಿದ ಚಿತ್ರ ‘ಜಾಸ್’. ೧೯೭೫ರ ಜೂನ್ ೨೦ರಂದು ಅಮೆರಿಕದ ೪೦೯ ಮಂದಿರಗಳಲ್ಲಿ ಅದು ಒಮ್ಮೆಗೇ ತೆರೆಕಂಡಿತು. ಅದಕ್ಕೆ ಹಿಂದಿನ ಎರಡು ಮೂರು ರಾತ್ರಿ ದೂರದರ್ಶನದ ಜಾಹೀರಾತಿಗೆಂದೇ ಸುಮಾರು ೭ ಲಕ್ಷ ಡಾಲರ್ ಸುರಿದಿದ್ದರು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗನಿಗೆ ಆಗ ೨೮ ವರ್ಷ. ಕಥೆ ಎಲ್ಲರಿಗೂ ಗೊತ್ತಿರುವಂಥದೇ: ಕಡಲತೀರದ ಒಂದು ಪುಟ್ಟ ಊರು, ಬೇಸಗೆಯ ರಜೆಗೆ ಬರುವ ಜನರಿಂದ ಅದರ ಜೀವನ, ನೀರಿನಲ್ಲಿ ನರಭಕ್ಷಕ ಶಾರ್ಕ್ ಮೀನು. ತೀರವನ್ನು ಮುಚ್ಚಬೇಕೆಂದು ಪೋಲೀಸು ಅಧಿಕಾರಿ. ಮುಚ್ಚಿದರೆ ವ್ಯಾಪಾರ ಹೋಯಿತೆಂದು ಊರಿನ ಮೇಯರು. ಬೇಸಗೆಯ ವ್ಯಾಪಾರವನ್ನು ಸೃಷ್ಟಿಸಿದ ಚಿತ್ರದ ವಸ್ತುವೇ ಬೇಸಗೆಯ ವ್ಯಾಪಾರ. ಅದೂ ಅದರ ಖಂಡನೆ. ಮಗನನ್ನು ಕಳೆದುಕೊಂಡ ತಾಯಿ ಕಪ್ಪು ಬಟ್ಟೆಯುಟ್ಟು ಬಂದು ಪೋಲೀಸು ಅಧಿಕಾರಿಯ ಕೆನ್ನೆಗೆ ಹೊಡೆಯುವ ದೃಶ್ಯ ಅದರಲ್ಲಿದೆ. ಅಪಾಯ ಗೊತ್ತಿದ್ದೂ ತೀರವನ್ನು ತೆರೆದಿಟ್ಟರೆಂಬುದು ಅವಳ ದೂರು. ಇಡೀ ಚಿತ್ರದ ಧರ್ಮ ಆ ಒಂದು ಏಟಿನಲ್ಲಿದೆ. ಅನಂತರ ಬಂದ ಅನುಕರಣೆಗಳಲ್ಲಿ ಮೀನುಗಳೂ ಮೃಗಗಳೂ ದೊಡ್ಡವಾಗುತ್ತ ಹೋದವು. ಆ ತಾಯಿ ಮಾತ್ರ ಮತ್ತೆ ಬರಲಿಲ್ಲ.

ಇನ್ನು ವಿಸ್ಮಯದ ವಿಷಯ. ಚಿತ್ರಕ್ಕಾಗಿ ಮಾಡಿಸಿದ ಯಂತ್ರದ ಮೀನು ಉಪ್ಪುನೀರಿನಲ್ಲಿ ಪದೇಪದೇ ಕೆಟ್ಟು ನಿಂತಿತು. ೫೫ ದಿನಗಳೆಂದು ಎಣಿಸಿದ್ದ ಚಿತ್ರೀಕರಣ ೧೫೯ ದಿನಗಳಿಗೆ ಎಳೆಯಿತು. ಮೀನಿಲ್ಲದೆಯೇ ಮೀನಿನ ಚಿತ್ರ ತೆಗೆಯಬೇಕಾದ ಪ್ರಸಂಗ! ಆಗ ಸ್ಪೀಲ್‌ಬರ್ಗ್ ಮೀನನ್ನು ತೋರಿಸುವುದನ್ನು ಬಿಟ್ಟು ಸೂಚಿಸುವುದನ್ನು ಕಲಿತ. ನೀರಿನ ಮಟ್ಟದಲ್ಲಿ ಚಲಿಸುವ ಕ್ಯಾಮೆರಾ, ಜಾನ್ ವಿಲಿಯಮ್ಸನ ಎರಡೇ ಸ್ವರಗಳ ಆ ಸಂಗೀತ, ನೀರಿನ ಮೇಲೆ ತನ್ನಷ್ಟಕ್ಕೆ ಓಡುವ ಹಳದಿ ಪೀಪಾಯಿ, ಇಷ್ಟರಿಂದಲೇ ಮೀನು ಅಲ್ಲಿದೆಯೆಂದು ನಾವು ತಿಳಿಯುತ್ತೇವೆ. ಅದರ ಪೂರ್ಣದರ್ಶನವಾಗುವುದು ಚಿತ್ರ ಒಂದು ಗಂಟೆಗೂ ಮೀರಿ ನಡೆದ ಮೇಲೆ. ಧ್ವನಿಯೇ ಕಾವ್ಯದ ಆತ್ಮವೆಂದ ಆನಂದವರ್ಧನನ ಶಿಷ್ಯರಿಗೆ ಇದರ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಚಿತ್ರದ ಅತ್ಯಂತ ಭಯಂಕರವಾದ ಭಾಗದಲ್ಲಂತೂ ಮೀನೂ ಇಲ್ಲ, ನೀರೂ ಇಲ್ಲ: ರಾತ್ರಿ ದೋಣಿಯ ಕೋಣೆಯಲ್ಲಿ ಕುಳಿತು ಕ್ವಿಂಟ್ ಎಂಬ ಮುದಿ ಬೇಟೆಗಾರ, ಅಣುಬಾಂಬಿನ ಭಾಗಗಳನ್ನು ಸಾಗಿಸಿದ ಬಳಿಕ ೧೯೪೫ರಲ್ಲಿ ಮುಳುಗಿದ ‘ಇಂಡಿಯಾನಾಪೊಲಿಸ್’ ನೌಕೆಯ ನಾವಿಕರನ್ನು ಶಾರ್ಕುಗಳು ತಿಂದ ಕಥೆಯನ್ನು ಹೇಳುತ್ತಾನೆ. ಬರಿಯ ಮಾತು. ಒಬ್ಬ ಮನುಷ್ಯ, ಒಂದು ದೀಪ, ಕೇಳುವ ಇಬ್ಬರು. ಕಥನಕ್ಕೆ ಇಷ್ಟು ಸಾಕು.

ನಮ್ಮ ಕರಾವಳಿಯವರಿಗೆ ಈ ಮರ್ಮ ಹೊಸದಲ್ಲ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ಒಂದು ತೆರೆಯನ್ನು ಅಡ್ಡ ಹಿಡಿಯುತ್ತಾರೆ. ತೆರೆಯ ಹಿಂದೆ ಚೆಂಡೆಯ ಅಬ್ಬರಕ್ಕೆ ವೇಷ ಕುಣಿಯುತ್ತದೆ. ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು. ಮಕ್ಕಳು ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿದಿರುತ್ತಾರೆ. ತೆರೆ ಸರಿದಾಗ ಕಾಣುವ ಮುಖ, ಕಾದದ್ದಕ್ಕಿಂತ ದೊಡ್ಡದಾಗಿಯೇ ಇರುತ್ತದೆ. ಔತ್ಸುಕ್ಯ ವಿಸ್ಮಯಕ್ಕೆ ಸೇವೆ ಸಲ್ಲಿಸುವುದೆಂದರೆ ಇದು. ನೋಡಿ, ಕಾಲವೂ ಎಷ್ಟು ಸೋಜಿಗವಾಗಿ ಹೊಂದುತ್ತದೆ: ಮೇ ಕೊನೆಯ ವಾರದ ಸುಮಾರಿಗೆ, ಪತ್ತನಾಜೆಯ ದಿನ, ತೆಂಕಣ ಮೇಳಗಳವರು ಗೆಜ್ಜೆ ಬಿಚ್ಚುತ್ತಾರೆ, ಅದೇ ವಾರದ ಆಸುಪಾಸಿನಲ್ಲಿ ಅಮೆರಿಕನ್ನರ ಮೆಮೋರಿಯಲ್ ಡೇ, ಅಲ್ಲಿನ ಬೇಸಗೆಯ ಆಟಕ್ಕೆ ಸಾಂಪ್ರದಾಯಿಕವಾದ ಆರಂಭ.

‘ಜಾಸ್’ ಆಗಿ ಎರಡು ವರ್ಷಕ್ಕೆ, ೧೯೭೭ರ ಮೇ ೨೫ರಂದು, ಜಾರ್ಜ್ ಲ್ಯೂಕಾಸನ ‘ಸ್ಟಾರ್ ವಾರ್ಸ್’ ಬಂತು. ಮೊದಲ ದಿನ ಅದು ಇದ್ದದ್ದು ೩೨ ಮಂದಿರಗಳಲ್ಲಿ ಮಾತ್ರ. ಮುಂದೆ ಅದರಷ್ಟು ಕಾಯಿಸಿದ ಚಿತ್ರಮಾಲೆ ಬೇರೊಂದಿಲ್ಲವೆನ್ನಬಹುದು. ಆದರೆ ಆ ಮೊದಲನೆಯ ಚಿತ್ರವನ್ನು ಹೆಚ್ಚು ಜನ ಕಾದಿರಲಿಲ್ಲ. ತೆರೆಯ ಮೇಲೆ ಒಂದು ಸಣ್ಣ ಆಕಾಶನೌಕೆ ಓಡುತ್ತದೆ, ಅದರ ಬೆನ್ನಿಗೆ ಇನ್ನೊಂದು ನಮ್ಮ ತಲೆಯ ಮೇಲಿಂದ ಹಾಯತೊಡಗುತ್ತದೆ. ಹಾಯುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಅಂದು ಕುರ್ಚಿಯಲ್ಲಿ ಕುಳಿತವರಿಗೆ ಆದದ್ದು ಶುದ್ಧ ವಿಸ್ಮಯ.

ಆ ವಿಸ್ಮಯದ ಬೆನ್ನಿಗೇ ಒಂದು ವಿಚಿತ್ರ ನಡೆಯಿತು. ಚಿತ್ರ ಇಷ್ಟು ಗೆಲ್ಲುತ್ತದೆಂದು ಬೊಂಬೆ ತಯಾರಿಸುವ ಕೆನ್ನರ್ ಕಂಪನಿಯವರು ಎಣಿಸಿರಲಿಲ್ಲ. ಕ್ರಿಸ್‌ಮಸ್ ಬಂತು, ಬೊಂಬೆಗಳು ಸಿದ್ಧವಾಗಿಲ್ಲ. ಆಗ ಅವರು ಅಂಗಡಿಗಳಲ್ಲಿ ಒಂದು ರಟ್ಟಿನ ಪೊಟ್ಟಣವನ್ನು ಮಾರಿದರು. ಒಳಗೆ ಬೊಂಬೆಯಿಲ್ಲ, ಒಂದು ಚಿತ್ರದ ರಟ್ಟು, ಕೆಲವು ಅಂಟುಚೀಟಿ, ನಾಲ್ಕು ಬೊಂಬೆಗಳನ್ನು ಮುಂದಿನ ವರ್ಷ ಅಂಚೆಯಲ್ಲಿ ಕಳುಹಿಸುವೆವೆಂಬ ಒಂದು ಪತ್ರ. ತಂದೆತಾಯಿಗಳು ಹಣ ಕೊಟ್ಟು ಕೊಂಡರು, ಮಕ್ಕಳು ಹಬ್ಬದ ದಿನ ಬಿಚ್ಚಿ ನೋಡಿದರು. ಬೇಸಗೆಯ ಚಿತ್ರಗಳ ಚರಿತ್ರೆಯಲ್ಲಿ ಈ ಖಾಲಿ ಪೊಟ್ಟಣಕ್ಕಿಂತ ಅರ್ಥಪೂರ್ಣವಾದ ವಸ್ತು ನನಗೆ ಗೊತ್ತಿಲ್ಲ. ಕಾಯುವುದನ್ನೇ ಕಟ್ಟಿ ಮಾರಬಹುದು, ಅದಕ್ಕೂ ಗಿರಾಕಿಗಳಿದ್ದಾರೆ ಎಂಬುದು ಆ ವರ್ಷ ಸಿದ್ಧವಾಯಿತು. ಆ ಮಕ್ಕಳಿಗೆ ಬೊಂಬೆಗಳು ತಲುಪಿದವು ನಿಜ. ಆದರೆ ವ್ಯಾಪಾರಿಗಳು ಕಲಿತ ಪಾಠ ಬೊಂಬೆಯದಲ್ಲ, ಪೊಟ್ಟಣದ್ದು.

ಮುಂದಿನ ಕಾಲದಲ್ಲಿ ಈ ಪಾಠ ಹೇಗೆ ಬೆಳೆಯಿತೆಂಬುದಕ್ಕೆ ಎರಡು ಉದಾಹರಣೆ ಸಾಕು. ‘ಇಂಡಿಪೆಂಡೆನ್ಸ್ ಡೇ’ ಚಿತ್ರ ಬಂದದ್ದು ೧೯೯೬ರ ಜುಲೈನಲ್ಲಿ. ಅದರಲ್ಲಿ ಅಮೆರಿಕದ ಅಧ್ಯಕ್ಷರ ಶ್ವೇತಭವನ ಸಿಡಿದು ಚೂರಾಗುವ ದೃಶ್ಯವನ್ನು ಆ ವರ್ಷದ ಜನವರಿಯಲ್ಲೇ, ದೇಶವೆಲ್ಲ ನೋಡುವ ಸೂಪರ್ ಬೌಲ್ ಆಟದ ನಡುವಿನ ಜಾಹೀರಾತಿನಲ್ಲಿ ತೋರಿಸಿಬಿಟ್ಟರು. ಜುಲೈನಲ್ಲಿ ಜನ ಹೋದದ್ದು ಕಾಣದಿದ್ದುದನ್ನು ಕಾಣಲಿಕ್ಕಲ್ಲ, ಕಂಡದ್ದನ್ನು ದೊಡ್ಡದಾಗಿ ಕಾಣಲಿಕ್ಕೆ. ೧೯೯೮ರ ನವೆಂಬರಿನಲ್ಲಂತೂ, ಹದಿನಾರು ವರ್ಷಗಳ ಬಿಡುವಿನ ಮೇಲೆ ಬರಲಿದ್ದ ಹೊಸ ‘ಸ್ಟಾರ್ ವಾರ್ಸ್’ನ ಟ್ರೇಲರ್ ನೋಡಲೆಂದು ಜನ ಬೇರೆ ಯಾವುದೋ ಚಿತ್ರಕ್ಕೆ ಪೂರ್ತಿ ಹಣ ತೆತ್ತು ಒಳಹೊಕ್ಕರು, ಎರಡು ನಿಮಿಷದ ಆ ತುಣುಕು ಮುಗಿಯುತ್ತಲೂ ಎದ್ದು ಹೊರಬಂದರು. ೧೯೯೯ರ ಮೇ ೧೯ರಂದು ‘ದಿ ಫ್ಯಾಂಟಮ್ ಮೆನೇಸ್’ ತೆರೆಕಂಡಿತು. ಅದಕ್ಕಾಗಿ ಬೀದಿಯಲ್ಲಿ ವಾರಗಟ್ಟಲೆ ಸಾಲುನಿಂತವರಿದ್ದರು. ಹಣ ಹೊಳೆಯಾಗಿ ಹರಿಯಿತು. ಕಾದವರಲ್ಲಿ ಬಹಳ ಮಂದಿಗೆ ನಿರಾಶೆಯಾಯಿತು. ವರ್ತಕರ ವಿವಾದವನ್ನು ಬಿಚ್ಚಿಡುವ ಆ ಕಥೆಯಲ್ಲಿ ದೋಷಗಳಿಗೆ ಕೊರತೆಯಿಲ್ಲ. ಆದರೂ ನ್ಯಾಯವಾಗಿ ಹೇಳುವುದಾದರೆ, ಹದಿನಾರು ವರ್ಷ ಕಾದವನ ಕಲ್ಪನೆಯಲ್ಲಿ ಬೆಳೆದ ಚಿತ್ರವನ್ನು ಯಾವ ಲ್ಯೂಕಾಸನೂ ತೆಗೆಯಲಾರ. ಸಂಚಾರಿಯನ್ನೇ ಸ್ಥಾಯಿಯೆಂದು ಬೆಳೆಸಿದರೆ ಅದು ರಸವಾಗುವುದಿಲ್ಲ, ಆಯಾಸವಾಗುತ್ತದೆ.

ಈ ಶತಮಾನದ ಪದ್ಧತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ೨೦೦೮ರ ಮೇ ತಿಂಗಳಿನ ‘ಐರನ್ ಮ್ಯಾನ್’ ಚಿತ್ರದಲ್ಲಿ, ಹೆಸರುಗಳ ಪಟ್ಟಿಯೆಲ್ಲ ಮುಗಿದ ಮೇಲೆ ಒಂದು ಚಿಕ್ಕ ದೃಶ್ಯ ಬರುತ್ತದೆ. ಮುಂದೆ ಬರಲಿರುವ ಚಿತ್ರಗಳಿಗೆ ಅದು ಸೂಚನೆ. ಆಮೇಲೆ ಮಾರ್ವೆಲ್ ಸಂಸ್ಥೆಯ ಚಿತ್ರಗಳಲ್ಲಿ ಇದು ವಾಡಿಕೆಯೇ ಆಯಿತು. ಮೊದಲು ಜಾಹೀರಾತು ಚಿತ್ರಕ್ಕೆ ಪೀಠಿಕೆಯಾಗಿತ್ತು. ಈಗ ಚಿತ್ರವೇ ಮುಂದಿನ ಚಿತ್ರಕ್ಕೆ ಪೀಠಿಕೆ. ಊಟ ಮುಗಿಯುವ ಮೊದಲೇ ಎಲೆಯ ತುದಿಗೆ ನಾಳೆಯ ಅಡಿಗೆಯ ಪಟ್ಟಿ ಬಡಿಸಿದರೆ ಇಂದಿನ ಊಟದ ರುಚಿ ಏನಾಗಬೇಕು? ಈ ಮಾಲೆಗೂ ಒಂದು ಸಾಧನೆ ಇದೆ, ಅಲ್ಲವೆನ್ನಲಾರೆ. ೨೦೧೮ರ ಏಪ್ರಿಲಿನ ‘ಇನ್ಫಿನಿಟಿ ವಾರ್’ ನಾಯಕರ ಸೋಲಿನಲ್ಲಿ ಮುಗಿಯಿತು. ಪ್ರೇಕ್ಷಕರನ್ನು ಒಂದು ವರ್ಷ ಆ ಸೋಲಿನಲ್ಲೇ ಬಿಟ್ಟಿತು. ಮರು ಏಪ್ರಿಲಿನಲ್ಲಿ ‘ಎಂಡ್‌ಗೇಮ್’ ಬಂದಾಗ ಆ ಋಣ ತೀರಿತು. ಮುಕ್ತಾಯವೆಂಬುದೊಂದು ಅಲ್ಲಿ ನಿಜವಾಗಿ ದೊರೆತದ್ದರಿಂದಲೇ ಜನ ಅಷ್ಟು ತೃಪ್ತರಾದರೆಂದು ನನ್ನ ಎಣಿಕೆ. ಅಲ್ಲಿಗೆ ನಿಲ್ಲಿಸದೆ ಮತ್ತೆ ಕಾಯಿಸಲು ತೊಡಗಿದ್ದು ವ್ಯಾಪಾರಧರ್ಮ. ಕಲೆಯ ಧರ್ಮ ಬೇರೆ.

ಕಾತರವನ್ನು ಅಳೆಯುವುದಕ್ಕೆ ಈ ಉದ್ಯಮದಲ್ಲಿ ಒಂದು ಮಾನವೂ ಉಂಟು: ಮೊದಲ ವಾರಾಂತ್ಯದ ಗಳಿಕೆ. ‘ಜಾಸ್’ಗೆ ೪೦೯ ಮಂದಿರಗಳಾದರೆ ಇಂದಿನ ದೊಡ್ಡ ಚಿತ್ರಕ್ಕೆ ಅಮೆರಿಕದಲ್ಲೇ ನಾಲ್ಕು ಸಾವಿರಕ್ಕೂ ಮಿಕ್ಕು. ಶುಕ್ರವಾರ ತೆರೆದು ಭಾನುವಾರ ಮುಗಿಯುವಷ್ಟರಲ್ಲಿ ತೀರ್ಪು. ಆದರೆ ಮೊದಲ ಮೂರು ದಿನ ಬರುವವನು ಚಿತ್ರವನ್ನು ನೋಡಿ ಬಂದವನಲ್ಲ, ಕಾದು ಬಂದವನು. ಆ ಮೊತ್ತ ಹೇಳುವುದು ಔತ್ಸುಕ್ಯದ ಲೆಕ್ಕ, ಕೃತಿಯ ಗುಣವನ್ನಲ್ಲ. ೧೯೮೨ರ ಬೇಸಗೆ ಇದಕ್ಕೆ ಒಳ್ಳೆಯ ಸಾಕ್ಷಿ. ಆ ಜೂನ್ ೧೧ರಂದು ಬಂದ ಸ್ಪೀಲ್‌ಬರ್ಗನ ‘ಇ.ಟಿ.’ ಎಲ್ಲರ ಮನಸ್ಸನ್ನೂ ಗೆದ್ದಿತು. ಗೆಲ್ಲತಕ್ಕ ಚಿತ್ರವೇ ಹೌದು. ಎರಡು ವಾರಕ್ಕೆ, ಜೂನ್ ೨೫ರಂದು, ಒಂದೇ ದಿನ ಎರಡು ಚಿತ್ರಗಳು ಬಂದವು: ರಿಡ್ಲಿ ಸ್ಕಾಟನ ‘ಬ್ಲೇಡ್ ರನ್ನರ್’, ಜಾನ್ ಕಾರ್ಪೆಂಟರನ ‘ದಿ ಥಿಂಗ್’. ಎರಡೂ ಆ ಬೇಸಗೆಯಲ್ಲಿ ಸೋತವು. ಮನುಷ್ಯನು ತಯಾರಿಸಿದ ಕೃತಕ ಮನುಷ್ಯನೊಬ್ಬ ಮಳೆಯಲ್ಲಿ ನೆನೆಯುತ್ತ ಸಾಯುವಾಗ, ತಾನೊಬ್ಬನೇ ಕಂಡ ನೋಟಗಳು ತನ್ನೊಡನೆ ಅಳಿಯುವುದನ್ನು ನೆನೆಯುವ ‘ಬ್ಲೇಡ್ ರನ್ನರ್’ ಚಿತ್ರದ ಕೊನೆಯ ಭಾಗ, ಕರುಣಕ್ಕೂ ಅದ್ಭುತಕ್ಕೂ ಎಡೆಯಿಲ್ಲದಂತೆ ಬೆರೆತ ಅಪೂರ್ವ ಸ್ಥಳ. ಅಂದು ಮೂರು ದಿನದ ತಕ್ಕಡಿಯಲ್ಲಿ ಅದು ಹಗುರವಾಗಿ ಕಂಡಿತು. ಇಂದು ಎರಡನ್ನೂ ಆ ಕಾಲದ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಎಣಿಸುತ್ತಾರೆ. ಕಾದಿದ್ದವರು ಬಯಸಿದ್ದನ್ನು ಕೊಡದೆ, ಯಾರೂ ಬಯಸಲು ಅರಿಯದಿದ್ದುದನ್ನು ಕೊಟ್ಟದ್ದೇ ಅವುಗಳ ಅಪರಾಧವಾಗಿತ್ತು.

ಹಾಗಾದರೆ ಕಾಯುವುದನ್ನೇ ಬಿಟ್ಟುಬಿಡೋಣವೆ? ಇಲ್ಲಿ ನನ್ನ ಮಿತ್ರರಿಗೂ ನನಗೂ ಮತಭೇದ. ಅವರಿಗೆ ಇದೆಲ್ಲ ಜಾಹೀರಾತಿನ ಮಂಕುಬೂದಿ. ೨೦೨೦ರ ಬೇಸಗೆಯನ್ನು ನೆನೆದರೆ ನನಗೆ ಹಾಗೆ ಹೇಳಲು ಮನಸ್ಸು ಬಾರದು. ಸಾಂಕ್ರಾಮಿಕದಿಂದ ಮಂದಿರಗಳು ಮುಚ್ಚಿದ್ದವು. ಜೂನಿನಲ್ಲಿ ಬರಬೇಕಾಗಿದ್ದ ‘ಟಾಪ್ ಗನ್: ಮ್ಯಾವರಿಕ್’ ೨೦೨೨ರ ಮೇ ತಿಂಗಳಿಗೆ ಹೋಯಿತು. ಮನೆಯ ತೆರೆಯ ಮೇಲೆ ಆ ದಿನಗಳಲ್ಲಿ ಚಿತ್ರಗಳಿಗೆ ಬರವಿರಲಿಲ್ಲ. ಬೇಕೆಂದಾಗ ಬೇಕಾದ್ದು ಸಿಗುತ್ತಿತ್ತು. ಇಲ್ಲದೆ ಹೋದದ್ದು ಒಂದೇ: ಇಂಥ ದಿನ, ಎಲ್ಲರೂ ಕೂಡಿ, ಒಂದು ಕತ್ತಲೆಯಲ್ಲಿ ಎಂಬ ನಿಶ್ಚಯ. ಜಾತ್ರೆಗೆ ತೇರು ಎಷ್ಟು ಮುಖ್ಯವೋ ದಿನವೂ ಅಷ್ಟೇ ಮುಖ್ಯ. ಯಾವ ದಿನ ಬೇಕಾದರೂ ಎಳೆಯಬಹುದಾದ ತೇರಿಗೆ ಜನ ಸೇರುವುದಿಲ್ಲ. ಬಿಡಿಬಿಡಿಯಾಗಿ ಬದುಕುತ್ತಿರುವ ಜನಕ್ಕೆ ಒಟ್ಟಿಗೆ ಕಾಯುವ ಒಂದು ತಿಥಿಯನ್ನು ಈ ಬೇಸಗೆಯ ಚಿತ್ರಗಳು ಒದಗಿಸಿವೆ. ಅಷ್ಟರ ಮಟ್ಟಿಗೆ ಅವು ಉತ್ಸವಗಳೇ.

ಕಾತರ ಎಷ್ಟೇ ಬೆಳೆದರೂ ವಿಸ್ಮಯಕ್ಕೆ ಎಡೆ ಉಳಿದಿದೆ ಎಂಬುದಕ್ಕೆ ೨೦೨೩ರ ಜುಲೈ ೨೧ರ ಶುಕ್ರವಾರವೇ ಪ್ರಮಾಣ. ಆ ದಿನ ಗ್ರೇಟಾ ಗರ್ವಿಗಳ ‘ಬಾರ್ಬಿ’ ಮತ್ತು ಕ್ರಿಸ್ಟಫರ್ ನೋಲನ್ನನ ‘ಆಪನ್‌ಹೈಮರ್’ ಒಟ್ಟಿಗೆ ಬಂದವು. ಒಂದು ಬೊಂಬೆಯ ಕಥೆ, ಇನ್ನೊಂದು ಬಾಂಬಿನ ಕಥೆ; ಜನ ನಗುನಗುತ್ತ ಒಂದೇ ದಿನ ಎರಡನ್ನೂ ನೋಡಿದರು. ಎರಡನೆಯದರ ವಿಷಯವಾಗಿ ಒಂದು ಮಾತು. ಅಣುಬಾಂಬು ಸಿಡಿಯುತ್ತದೆಂಬುದು ಲೋಕಕ್ಕೆಲ್ಲ ಗೊತ್ತು. ಬಚ್ಚಿಡುವುದಕ್ಕೆ ಏನೂ ಇಲ್ಲ. ಆದರೂ ೧೯೪೫ರ ಜುಲೈ ೧೬ರ ಆ ಪರೀಕ್ಷೆಯ ದೃಶ್ಯದಲ್ಲಿ ನಾವು ಉಸಿರು ಹಿಡಿದು ಕೂಡುತ್ತೇವೆ. ಎಣಿಕೆ ಶೂನ್ಯಕ್ಕೆ ಬರುತ್ತದೆ, ಬೆಂಕಿ ಏಳುತ್ತದೆ, ಸದ್ದಿಲ್ಲ. ಬೆಳಕು ಮುಂದೆ, ಸದ್ದು ಹಿಂದೆ. ಆ ಮೌನದಲ್ಲಿ ನಮ್ಮ ಕಾತರ ನಮ್ಮ ಕಡೆಗೇ ತಿರುಗಿ ನಿಲ್ಲುತ್ತದೆ: ಇದನ್ನೇ ಅಲ್ಲವೆ ನೀವು ಕಾದದ್ದು? ಅನಂತರ ಬರುವ ಸಿಡಿಲಿನಲ್ಲಿ ಬೆರಗಿನ ಜೊತೆಗೆ ಭಯವಿದೆ, ಜುಗುಪ್ಸೆಯಿದೆ. ಬಾಂಬಿನಿಂದ ಹೆಸರು ಪಡೆದ ಒಂದು ಬಗೆಯ ಚಿತ್ರ, ಎಂಬತ್ತು ವರ್ಷಗಳ ಮೇಲೆ, ಆ ಹೆಸರಿನ ಅರ್ಥವನ್ನು ನೋಡುವವನಿಗೆ ಮುಟ್ಟಿಸಿತು.

ಆದ್ದರಿಂದ ಬರುವ ಬೇಸಗೆಯ ಚಿತ್ರಗಳನ್ನೂ ನಾನು ಕಾಯುತ್ತೇನೆ. ನನ್ನ ವಿದ್ಯಾರ್ಥಿಗಳಿಗೂ ಕಾಯಬೇಡಿರೆಂದು ಹೇಳುವುದಿಲ್ಲ. ಎರಡು ಮಾತು ಮಾತ್ರ ಹೇಳುತ್ತೇನೆ. ಟ್ರೇಲರುಗಳನ್ನು ಆದಷ್ಟು ಕಡಮೆ ನೋಡಿರಿ. ತೆರೆಯ ಹಿಂದೆ ಇಣುಕಿ ನೋಡಿದವನಿಗೆ ರಾಕ್ಷಸ ವೇಷಧಾರಿಯಾಗಿಯೇ ಕಾಣುತ್ತಾನೆ. ಮತ್ತು ಮೊದಲ ವಾರದ ಸದ್ದು ಅಡಗಿದ ಮೇಲೆ, ದಸರೆಯ ಹೊತ್ತಿಗೆ, ಆ ಚಿತ್ರದಲ್ಲಿ ಯಾವ ಮುಖ, ಯಾವ ಮಾತು, ಯಾವ ಮೌನ ನಿಮ್ಮೊಳಗೆ ಉಳಿದಿದೆಯೆಂದು ಒಮ್ಮೆ ಕೇಳಿಕೊಳ್ಳಿರಿ. ಕೆನ್ನೆಗೆ ಹೊಡೆದ ಆ ತಾಯಿಯಂತೆ ಒಬ್ಬರಾದರೂ ಉಳಿದಿದ್ದರೆ ಕಾದದ್ದು ಸಾರ್ಥಕ. ಏನೂ ಉಳಿಯದೆ, ಮುಂದಿನ ಚಿತ್ರದ ತಾರೀಕು ಮಾತ್ರ ನೆನಪಿದ್ದರೆ, ನಿಮ್ಮ ಕೈಗೆ ಬಂದದ್ದು ಆ ಖಾಲಿ ಪೊಟ್ಟಣವೆಂದು ತಿಳಿಯಿರಿ.